ಮುಟ್ಟು, ಪಿಸಿಓಡಿ, ಗರ್ಭಕೋಶದ ತೊಂದರೆಗೆ ಮರದಣಬೆ: ತೆಗೆದುಕೊಳ್ಳುವ ಮುನ್ನ ಹಂತ ಹಂತವಾಗಿ ಏನು ನೋಡಬೇಕು

ಪಿಸಿಓಡಿಗೆ (ಹಾರ್ಮೋನು ಏರುಪೇರಿನಿಂದ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ರೀಶಿ ಎಂಬ ಅಣಬೆಯ ಕ್ಯಾಪ್ಸೂಲ್ ಒಳ್ಳೆಯದಾ? ಅಣಬೆ ಪುಡಿಯಿಂದ ಫೈಬ್ರಾಯ್ಡ್ (ಗರ್ಭಕೋಶದ ಗೆಡ್ಡೆ) ಕರಗುತ್ತದಾ? ಅಡಿಕೆ ಮರದ ಬುಡದಲ್ಲಿ ಬಂದಿರುವ ಕೆಂಪು ಅಣಬೆಯೂ ಅದೇ ತಾನೇ, ಕುದಿಸಿ ಕುಡಿಯಬಹುದಾ? ಓದುಗರು ಈ ಮೂರನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೊನೆಯದಕ್ಕೆ ಉತ್ತರ ಸುಲಭ: ಬೇಡ. ಮೊದಲ ಎರಡಕ್ಕೆ ಸ್ವಲ್ಪ ವಿವರ ಬೇಕು. 'ಔಷಧೀಯ ಅಣಬೆ' ಎಂಬ ಒಂದೇ ಹೆಸರಿನಡಿ ಹತ್ತಾರು ಬೇರೆ ಬೇರೆ ಶಿಲೀಂಧ್ರಗಳು ಮಾರಾಟವಾಗುತ್ತಿವೆ. ಒಂದರ ಮೇಲೆ ನಡೆದ ಅಧ್ಯಯನವನ್ನು ತೋರಿಸಿ ಇನ್ನೊಂದನ್ನು ಮಾರುವುದು ಈ ವ್ಯಾಪಾರದಲ್ಲಿ ಮಾಮೂಲಿ.

ಇಲ್ಲಿ ಹೇಳುವ ಅಣಬೆಗಳೆಲ್ಲ ಮರ ಕೊಳೆಸುವ ಶಿಲೀಂಧ್ರಗಳು. ಅವುಗಳಲ್ಲಿ ಎರಡು ಬಗೆ. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಅನ್ನೂ ತಿಂದು ಮರವನ್ನು ಬಿಳಿಚಿಸುವವು ಬಿಳಿ ಕೊಳೆಯವು. ಲಿಗ್ನಿನ್ ಅನ್ನು ಹಾಗೇ ಉಳಿಸಿ ನಾರನ್ನಷ್ಟೇ ತಿಂದು, ಮರವನ್ನು ಕಂದು ಚೂರುಗಳನ್ನಾಗಿಸುವವು ಕಂದು ಕೊಳೆಯವು. ರೀಶಿ (ಗ್ಯಾನೋಡರ್ಮ), ಟರ್ಕಿ ಟೇಲ್ (ಟ್ರಾಮಿಟಿಸ್), ಮೈಟಾಕೆ, ಲಯನ್ಸ್ ಮೇನ್, ನಮ್ಮ ಚಿಪ್ಪಣಬೆ ಎಲ್ಲ ಬಿಳಿ ಕೊಳೆಯವು. ಪೈನ್ ಮರದ ಬೇರಿನಲ್ಲಿ ಗೆಡ್ಡೆ ಕಟ್ಟುವ ಪೋರಿಯ ಕಂದು ಕೊಳೆಯದು.

ಮೊದಲು ಕೈಯಲ್ಲಿ ಇರಬೇಕಾದದ್ದು

ಕಳೆದ 3 ತಿಂಗಳೊಳಗಿನ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಮುಟ್ಟಿನ ದಿನಗಳನ್ನು ಬರೆದಿಟ್ಟ ಕ್ಯಾಲೆಂಡರ್. ಕಷಾಯ ಮಾಡುವುದಾದರೆ 1 ಗ್ರಾಂವರೆಗೆ ತೂಗುವ ಅಡುಗೆಮನೆ ತಕ್ಕಡಿ ಮತ್ತು ಸ್ಟೀಲ್ ಪಾತ್ರೆ. ಪುಡಿ ಕೊಳ್ಳುವುದಾದರೆ ಒಂದು ಸಣ್ಣ ಬಾಟಲಿ ಅಯೋಡಿನ್ ದ್ರಾವಣ. ಅದು ಯಾಕೆಂದು 6ನೇ ಹಂತದಲ್ಲಿದೆ.

ಹಂತ 1: ತೊಂದರೆ ಏನೆಂದು ಪತ್ತೆ ಮಾಡಿಸಿ

'ಮುಟ್ಟು ಸರಿಯಿಲ್ಲ' ಅನ್ನುವುದು ಲಕ್ಷಣ. ಅದರ ಹಿಂದೆ ಥೈರಾಯ್ಡ್ ಇರಬಹುದು, ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಿರಬಹುದು, ಪಿಸಿಓಡಿ, ಫೈಬ್ರಾಯ್ಡ್, ಕೆಲವೊಮ್ಮೆ ಗರ್ಭವೇ ಇರಬಹುದು. ಕನಿಷ್ಠ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪ್ರೊಲ್ಯಾಕ್ಟಿನ್, ಖಾಲಿ ಹೊಟ್ಟೆಯ ಸಕ್ಕರೆ, ಹೊಟ್ಟೆಯ ಅಲ್ಟ್ರಾಸೌಂಡ್ ಆಗಿರಲಿ. ಇದರ ಜೊತೆಗೇ ಲಿವರ್ ಪರೀಕ್ಷೆ (ಎಸ್‌ಜಿಓಟಿ, ಎಸ್‌ಜಿಪಿಟಿ) ಮತ್ತು ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಮಾಡಿಸಿ. ಮುಂದೆ ಅಣಬೆಯಿಂದ ಲಿವರ್‌ಗೆ ತೊಂದರೆಯಾದರೆ ಹೋಲಿಸಲು ಮೊದಲಿನ ಅಂಕಿ ಬೇಕಾಗುತ್ತದೆ.

ಈ ನಾಲ್ಕರಲ್ಲಿ ಒಂದಿದ್ದರೂ ಈ ಲೇಖನವನ್ನು ಬದಿಗಿಟ್ಟು ಸ್ತ್ರೀರೋಗ ತಜ್ಞರನ್ನು ಕಾಣಿ: ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತಸ್ರಾವ, ಲೈಂಗಿಕ ಸಂಪರ್ಕದ ನಂತರ ಅಥವಾ ಎರಡು ಮುಟ್ಟುಗಳ ನಡುವೆ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಜ್ವರದೊಂದಿಗೆ ಕೆಳಹೊಟ್ಟೆ ನೋವು.

ಹಂತ 2: ನೀವು ತೆಗೆದುಕೊಳ್ಳಬಾರದವರ ಪಟ್ಟಿಯಲ್ಲಿದ್ದೀರಾ ನೋಡಿ

ಗರ್ಭಿಣಿಯರು, ಮೊಲೆಹಾಲು ಕುಡಿಸುವವರು, ಗರ್ಭಕ್ಕಾಗಿ ಪ್ರಯತ್ನಿಸುತ್ತಿರುವವರು ಅಣಬೆಯ ಸಾರ ಅಥವಾ ಪುಡಿ ತೆಗೆದುಕೊಳ್ಳಬಾರದು. ಅಡುಗೆಯ ಚಿಪ್ಪಣಬೆಗೆ ಈ ನಿರ್ಬಂಧ ಇಲ್ಲ, ಚೆನ್ನಾಗಿ ಬೇಯಿಸಿ ತಿನ್ನಿ.

ರೀಶಿ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸುವ ಸಾಧ್ಯತೆ ಇದೆ. ಹಾಗಾಗಿ ಆಸ್ಪಿರಿನ್, ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅದು ಸಲ್ಲದು. ಅತಿಸ್ರಾವ ಇರುವವರಿಗಂತೂ ಬೇಡವೇ ಬೇಡ. ವಿಚಿತ್ರವೆಂದರೆ ರೀಶಿಯನ್ನು ಹೆಚ್ಚಾಗಿ ಕೊಳ್ಳುವವರಲ್ಲಿ ಇವರೇ ಇದ್ದಾರೆ. ಮೆಟ್‌ಫಾರ್ಮಿನ್ ಅಥವಾ ಬಿಪಿ ಮಾತ್ರೆ ನುಂಗುವವರಿಗೆ ಸಕ್ಕರೆ, ಬಿಪಿ ಬೇಕಾದ್ದಕ್ಕಿಂತ ಇಳಿಯಬಹುದು. ಲೂಪಸ್‌ನಂಥ ಸ್ವಯಂನಿರೋಧಕ ಕಾಯಿಲೆಯವರು (ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ), ಕಿಡ್ನಿ ಕಸಿ ಆದವರು, ಲಿವರ್ ಕಾಯಿಲೆಯವರೂ ದೂರವಿರಬೇಕು. ಯಾವುದೇ ಶಸ್ತ್ರಚಿಕಿತ್ಸೆಗೆ 2 ವಾರ ಮೊದಲೇ ನಿಲ್ಲಿಸಿ, ನಿಲ್ಲಿಸಿದ್ದನ್ನು ಅರಿವಳಿಕೆ ವೈದ್ಯರಿಗೂ ಹೇಳಿ.

ಹಂತ 3: ನಿಮ್ಮ ತೊಂದರೆಗೆ ಯಾವ ಅಣಬೆ, ಯಾವ ರೂಪ ಎಂದು ಹೊಂದಿಸಿ

ಇದೇ ಮುಖ್ಯ ಹಂತ, ನಿಧಾನವಾಗಿ ಓದಿ. ಅಧ್ಯಯನವನ್ನು ಓದುವಾಗ ಅಣಬೆ ಯಾವುದು, ಕೊಟ್ಟದ್ದು ಪುಡಿಯೋ ಸಾರವೋ ಜೆಲ್ಲೋ ಇಂಜೆಕ್ಷನ್ನೋ, ತೆಗೆದುಕೊಂಡವರು ಮಹಿಳೆಯರೋ ಇಲಿಗಳೋ ಎಂದು ಕೇಳಿಕೊಳ್ಳಿ.

*ಪಿಸಿಓಡಿ.* ಮಹಿಳೆಯರ ಮೇಲೆ ನಡೆದ ಅಧ್ಯಯನ ಇರುವುದು ಮೈಟಾಕೆಯ ಬಗ್ಗೆ. 2010ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ ಮೈಟಾಕೆಯ ಒಂದು ನಿರ್ದಿಷ್ಟ ಸಾರವನ್ನು, ಇದಕ್ಕೆ ವೈದ್ಯರು ಮಾಮೂಲಾಗಿ ಕೊಡುವ ಕ್ಲೋಮಿಫೀನ್ ಮಾತ್ರೆಯೊಂದಿಗೆ ಹೋಲಿಸಿದರು. ಸಾರ ತೆಗೆದುಕೊಂಡ 26 ಮಂದಿಯಲ್ಲಿ 20 ಮಂದಿಗೆ, ಕ್ಲೋಮಿಫೀನ್ ತೆಗೆದುಕೊಂಡ 31 ಮಂದಿಯಲ್ಲಿ 29 ಮಂದಿಗೆ ಅಂಡೋತ್ಪತ್ತಿ (ಅಂಡಾಶಯದಿಂದ ಮೊಟ್ಟೆ ಬಿಡುಗಡೆ) ಆಯಿತು. ಆಶಾದಾಯಕವೇ. ಆದರೆ ಗುಂಪು ಚಿಕ್ಕದು, ಯಾರು ಏನು ನುಂಗುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು, ಮಾಮೂಲಿ ಮಾತ್ರೆಯೇ ಮುಂದಿತ್ತು.

ಅಂಗಡಿಯಲ್ಲಿ ಪಿಸಿಓಡಿಗೆಂದು ಕೊಡುವುದು ಮಾತ್ರ ಬಹುತೇಕ ರೀಶಿ. ಅದಕ್ಕೆ ತೋರಿಸುವ ಆಧಾರ 2005ರ ಜಪಾನಿನದೇ ಇನ್ನೊಂದು ಅಧ್ಯಯನ. 19 ಅಣಬೆಗಳನ್ನು ಪರೀಕ್ಷಿಸಿದಾಗ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವವನ್ನು ಹೆಚ್ಚು ತಡೆದದ್ದು ರೀಶಿ. ಟೆಸ್ಟೊಸ್ಟಿರೋನನ್ನು ಇನ್ನೂ ಪ್ರಬಲ ರೂಪಕ್ಕೆ ತಿರುಗಿಸುವ ಕಿಣ್ವ ಅದು. ಗಲ್ಲದ ಕೂದಲು, ಮೊಡವೆಗೆ ಈ ಪ್ರಬಲ ರೂಪ ಕಾರಣವಾದ್ದರಿಂದ ಜಾಹೀರಾತಿನ ತರ್ಕ ಸರಿಯೆನಿಸುತ್ತದೆ. ಆದರೆ ಆ ಪರೀಕ್ಷೆ ನಡೆದದ್ದು ಪ್ರಯೋಗಾಲಯದಲ್ಲಿ ಮತ್ತು ಗಂಡಿಲಿಗಳಲ್ಲಿ. ಇನ್ನೊಂದು ವಿಷಯವನ್ನು ಮಾರುವವರು ಹೇಳುವುದಿಲ್ಲ. ಇದೇ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಮಾತ್ರೆಯನ್ನು ಗರ್ಭಿಣಿಯರಿಗೆ ಕೊಡುವಂತಿಲ್ಲ, ಗಂಡು ಭ್ರೂಣದ ಜನನಾಂಗದ ಬೆಳವಣಿಗೆ ಕೆಡುತ್ತದೆ. ಅವರ ಮಾತು ನಿಜವೇ ಆದರೆ, ಮಗುವಿಗಾಗಿ ಕಾಯುತ್ತಿರುವ ಪಿಸಿಓಡಿಯವರು ರೀಶಿ ಮುಟ್ಟದಿರಲು ಅದೇ ಕಾರಣವಾಗುತ್ತದೆ.

*ಫೈಬ್ರಾಯ್ಡ್.* ಗರ್ಭಕೋಶದ ಗೆಡ್ಡೆಗೆ ಚೀನಾದಲ್ಲಿ ಗುಯಿಝಿ ಫುಲಿಂಗ್, ಜಪಾನಿನಲ್ಲಿ ಕೇಶಿ-ಬುಕುರ್ಯೋ-ಗನ್ ಎಂದು ಕರೆಯುವ ಹಳೆಯ ಔಷಧವಿದೆ. ಪೋರಿಯ ಗೆಡ್ಡೆ, ದಾಲ್ಚಿನ್ನಿಯ ಕಡ್ಡಿ, ಎರಡು ಬಗೆಯ ಪಿಯೋನಿ ಗಿಡದ ಬೇರು ಮತ್ತು ಬೇರಿನ ತೊಗಟೆ, ಪೀಚ್ ಬೀಜ ಹೀಗೆ ಐದು ವಸ್ತು. ಕೆಲಸವಾದರೂ ಅದು ಐದರದ್ದು, ಪೋರಿಯ ಒಂದನ್ನೇ ಕೊಂಡು ತಿಂದರೆ ಅದೇ ಫಲ ಸಿಗುತ್ತದೆ ಎನ್ನಲಾಗದು. ಫೈಬ್ರಾಯ್ಡ್‌ಗೆ ಬಳಸುವ ಗಿಡಮೂಲಿಕೆಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲದ 2013ರ ಪರಾಮರ್ಶೆ, ಪರವಾಗಿಯೋ ವಿರುದ್ಧವಾಗಿಯೋ ತೀರ್ಮಾನ ಹೇಳುವಷ್ಟು ಒಳ್ಳೆಯ ಪುರಾವೆ ಇಲ್ಲ ಎಂದಿತು. ಅತಿಸ್ರಾವ ಇರುವವರು ಆರು ತಿಂಗಳು ಪುಡಿ ತಿಂದು ಕಾಯುವಷ್ಟರಲ್ಲಿ ಹಿಮೋಗ್ಲೋಬಿನ್ ತೀರಾ ಇಳಿದುಬಿಡಬಹುದು. ಕಬ್ಬಿಣದ ಮಾತ್ರೆಯನ್ನು ಯಾವ ಅಣಬೆಗಾಗಿಯೂ ನಿಲ್ಲಿಸಬೇಡಿ.

*ಮುಟ್ಟು ನಿಲ್ಲುವ ಕಾಲ.* ಅದೇ ಕೇಶಿ-ಬುಕುರ್ಯೋ-ಗನ್ ಅನ್ನು ಅಮೆರಿಕದಲ್ಲಿ 178 ಮಹಿಳೆಯರ ಮೇಲೆ 12 ವಾರ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈ ಬಿಸಿಯೇರಿ ಬೆವರುವ ತೊಂದರೆ ಇಳಿದದ್ದು ನಿಜ, ಆದರೆ ಔಷಧವಿಲ್ಲದ ಹುಸಿ ಮಾತ್ರೆ ತಿಂದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಔಷಧ ತೆಗೆದುಕೊಂಡವರಲ್ಲಿ ಐವರಲ್ಲಿ ಒಬ್ಬರಿಗೆ ಭೇದಿಯಾಯಿತು. ಮನಸ್ಸಿನ ಕಿರಿಕಿರಿ, ಆತಂಕಕ್ಕೆ ಲಯನ್ಸ್ ಮೇನ್ ಬಗ್ಗೆ 2010ರ ಜಪಾನಿನ ಪುಟ್ಟ ಅಧ್ಯಯನವಿದೆ: 30 ಮಹಿಳೆಯರು, 4 ವಾರ, ದಿನಕ್ಕೆ 2 ಗ್ರಾಂ ಅಣಬೆ ಪುಡಿ ಸೇರಿಸಿದ ಬಿಸ್ಕತ್ತು. ಖಿನ್ನತೆ ಮತ್ತು ಆತಂಕದ ಕೆಲವು ಅಂಕಗಳು ಸುಧಾರಿಸಿದವು. ಅಡುಗೆಗೂ ಬಳಸುವ ಅಣಬೆಯಾದ್ದರಿಂದ ಇದನ್ನು ಪ್ರಯತ್ನಿಸಿ ನೋಡುವುದರಲ್ಲಿ ಅಪಾಯ ಕಡಿಮೆ.

ಈ ವಯಸ್ಸಿನಲ್ಲಿ ಎಲ್ಲಕ್ಕಿಂತ ಅಗ್ಗದ, ಖಾತ್ರಿಯ ಉಪಯೋಗ ಚಿಪ್ಪಣಬೆಯದು. ಅಣಬೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಶ ಬಿಸಿಲಿಗೆ, ಮೂಳೆಗೆ ಬೇಕಾದ ವಿಟಮಿನ್ ಡಿ2 ಆಗುತ್ತದೆ. 100 ಗ್ರಾಂ ತಾಜಾ ಅಣಬೆಯನ್ನು ಸೀಳಿ, ಗೆರೆಗೆರೆ ಇರುವ ಅಡಿಭಾಗ ಮೇಲೆ ಬರುವಂತೆ ತಟ್ಟೆಯಲ್ಲಿ ಹರಡಿ, ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರೊಳಗೆ 30ರಿಂದ 60 ನಿಮಿಷ ನೇರ ಬಿಸಿಲಿಗಿಡಿ. 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ದಾಟುತ್ತದೆ. ಕಿಟಕಿ ಗಾಜಿನ ಒಳಗಿಟ್ಟರೆ ಆಗುವುದಿಲ್ಲ, ಬೇಕಾದ ನೇರಳಾತೀತ ಕಿರಣವನ್ನು ಗಾಜು ತಡೆಯುತ್ತದೆ. ಅದೇ ದಿನ ಪಲ್ಯ ಮಾಡಿ, ವಿಟಮಿನ್‌ನ ಹೆಚ್ಚಿನ ಭಾಗ ಬೇಯಿಸಿದರೂ ಉಳಿಯುತ್ತದೆ. ಮನೆಯಲ್ಲೇ ಬೆಳೆಯಬೇಕೆಂದರೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಬೀಜ, ತರಬೇತಿ ಎರಡೂ ಸಿಗುತ್ತವೆ.

*ಎಚ್‌ಪಿವಿ ಮತ್ತು ಗರ್ಭಕಂಠ.* ಎಚ್‌ಪಿವಿ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್. ಟರ್ಕಿ ಟೇಲ್ ಇರುವ ಯೋನಿ ಜೆಲ್ ಒಂದನ್ನು ಸ್ಪೇನ್‌ನಲ್ಲಿ ಎಚ್‌ಪಿವಿಯಿಂದ ಗರ್ಭಕಂಠದಲ್ಲಿ ಸೌಮ್ಯ ಬದಲಾವಣೆ ಇದ್ದ ಸುಮಾರು 90 ಮಹಿಳೆಯರ ಮೇಲೆ ಪರೀಕ್ಷಿಸಿದ ವರದಿ 2021ರಲ್ಲಿ ಬಂತು. 6 ತಿಂಗಳ ನಂತರ ಜೆಲ್ ಬಳಸಿದವರಲ್ಲಿ 100ಕ್ಕೆ ಸುಮಾರು 85 ಮಂದಿಯ ಗರ್ಭಕಂಠ ಸಹಜಕ್ಕೆ ಮರಳಿತ್ತು. ಏನೂ ಬಳಸದೆ ಕಾದವರಲ್ಲೂ ಸುಮಾರು 65 ಮಂದಿಗೆ ಹಾಗೇ ಆಗಿತ್ತು. 'ಅಣಬೆಯಿಂದ ವಾಸಿಯಾಯಿತು' ಎಂಬ ಕಥೆ ಕೇಳಿದಾಗಲೆಲ್ಲ ಈ 65ನ್ನು ನೆನಪಿಡಿ. ಸೌಮ್ಯ ಹಂತದ ಬದಲಾವಣೆಗಳು ಬಹಳ ಸಲ ತಾವಾಗಿಯೇ ಸರಿಹೋಗುತ್ತವೆ. ಆ ಜೆಲ್‌ನಲ್ಲಿ ಒಂದೆಲಗ, ಬೇವು, ಲೋಳೆಸರ, ಹಯಲುರಾನಿಕ್ ಆಮ್ಲವೂ ಇತ್ತು. ನುಂಗುವ ಕ್ಯಾಪ್ಸೂಲಿಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ. ಮನೆಯ ಕಷಾಯವನ್ನೋ ಪುಡಿಯನ್ನೋ ಯೋನಿಯೊಳಗೆ ಎಂದೂ ಹಾಕಬೇಡಿ, ಸೋಂಕಾಗುತ್ತದೆ. ವರದಿಯಲ್ಲಿ ಸಿಐಎನ್ 2 ಅಥವಾ 3 ಎಂದಿದ್ದರೆ (ಕ್ಯಾನ್ಸರ್‌ಗೆ ಹತ್ತಿರವಾದ ಬದಲಾವಣೆ) ಯಾವ ಜೆಲ್‌ಗಾಗಿಯೂ ಚಿಕಿತ್ಸೆ ಮುಂದೂಡಬೇಡಿ.

ಮಳೆಗಾಲದಲ್ಲಿ ಒಣ ಕೊರಡಿನ ಮೇಲೆಲ್ಲ ಬೂದುಬಿಳಿ ಬೀಸಣಿಗೆಯಂತೆ ಮೂಡುವ ಸ್ಕಿಜೊಫಿಲಮ್ ಎಂಬ ಅಣಬೆಯಿಂದ ತೆಗೆದ ಸಕ್ಕರೆ ಸರಪಳಿಯನ್ನು ಜಪಾನಿನಲ್ಲಿ ಗರ್ಭಕಂಠದ ಕ್ಯಾನ್ಸರಿಗೆ, ವಿಕಿರಣ ಚಿಕಿತ್ಸೆಯ ಜೊತೆಗೆ, ಇಂಜೆಕ್ಷನ್ ರೂಪದಲ್ಲಿ ಕೊಟ್ಟಿದ್ದಾರೆ. ಮಣಿಪುರದಲ್ಲಿ ಇದೇ ಅಣಬೆಯನ್ನು ಕಾಂಗ್ಲಯೆನ್ ಎಂದು ಅಡುಗೆಗೆ ಬಳಸುತ್ತಾರೆ. ತಿಂದ ಅಣಬೆ ಆ ಇಂಜೆಕ್ಷನ್ನಿನ ಕೆಲಸ ಮಾಡುವುದಿಲ್ಲ.

*ಬಿಳಿಸೆರಗು.* ಹಿಪ್ಪುನೇರಳೆ ಮರದ ಮೇಲೆ ಬೆಳೆಯುವ ಸಾಂಗ್‌ಹುವಾಂಗ್ ಅಣಬೆಯನ್ನು ಚೀನೀ ವೈದ್ಯದಲ್ಲಿ ಬಿಳಿಸೆರಗಿಗೂ ಅತಿಸ್ರಾವಕ್ಕೂ ಹೇಳಿದ್ದಾರೆ. ತುರಿಕೆ, ವಾಸನೆ ಇರುವ ಬಿಳಿಸೆರಗು ಸಾಮಾನ್ಯವಾಗಿ ಸೋಂಕು. ಪರೀಕ್ಷೆ ಮಾಡಿಸಿ ಸರಿಯಾದ ಮಾತ್ರೆ ತೆಗೆದುಕೊಂಡರೆ ಕೆಲವೇ ದಿನದಲ್ಲಿ ಹೋಗುತ್ತದೆ.

ಹಂತ 4: ತೋಟದ ಅಣಬೆಯನ್ನು ಕುದಿಸಬೇಡಿ

ಅಡಿಕೆ ಮತ್ತು ತೆಂಗಿನ ಬುಡದಲ್ಲಿ ಮೂಡುವ, ಮೇಲೆ ಅರಗು ಬಳಿದಂತೆ ಹೊಳೆಯುವ ಕೆಂಗಂದು ಅಣಬೆ ಗ್ಯಾನೋಡರ್ಮದ್ದೇ. ನಮ್ಮ ರೈತರು ಅಣಬೆ ರೋಗ ಎನ್ನುವುದು ಇದನ್ನೇ. ಆದರೆ ಗ್ಯಾನೋಡರ್ಮದಲ್ಲಿ ಹಲವು ಜಾತಿಗಳಿವೆ, ಕಣ್ಣಳತೆಯಲ್ಲಿ ಬೇರ್ಪಡಿಸಲಾಗದು. ಅದಕ್ಕಿಂತ ದೊಡ್ಡ ತೊಂದರೆ ವಿಷದ್ದು. ಈ ರೋಗಕ್ಕೆ ಹೆಕ್ಸಾಕೊನಜೋಲ್‌ನಂಥ ಶಿಲೀಂಧ್ರನಾಶಕವನ್ನು ಬೇರಿನ ಮೂಲಕ ಉಣಿಸುತ್ತಾರೆ, ಕೊಳೆರೋಗಕ್ಕೆ ಪ್ರತಿ ಮಳೆಗಾಲ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಆ ದ್ರಾವಣದ ಮೈಲುತುತ್ತದಲ್ಲಿರುವ ತಾಮ್ರ ವರ್ಷವರ್ಷವೂ ಮಣ್ಣಿಗಿಳಿಯುತ್ತದೆ, ಅಣಬೆಗಳು ಲೋಹವನ್ನು ಹೀರಿ ಕೂಡಿಟ್ಟುಕೊಳ್ಳುತ್ತವೆ. ಅಣಬೆ ಕಂಡರೆ ಕಿತ್ತು ಸುಟ್ಟು, ಮರದ ಸುತ್ತ ಕಾಲುವೆ ತೆಗೆದು ಪಕ್ಕದ ಮರಗಳನ್ನು ಉಳಿಸಿಕೊಳ್ಳುವುದೇ ಮಾಡಬೇಕಾದ ಕೆಲಸ.

ಕೊರಡಿನ ಮೇಲೆ ಬೆಳೆಯುವ, ಅಡಿಯಲ್ಲಿ ಗೆರೆಗಳಿರುವ ಸಣ್ಣ ಕಂದು ಅಣಬೆಗಳಲ್ಲಂತೂ ಲಿವರ್ ಕೊಲ್ಲುವ ವಿಷವಿರುವ ಜಾತಿಗಳಿವೆ. 'ಮರದ ಮೇಲಿನದು ವಿಷವಲ್ಲ' ಎಂಬ ಮಾತನ್ನು ನಂಬಬೇಡಿ.

ಹಂತ 5: ಡಬ್ಬಿಯ ಮೇಲೆ ಬರೆದದ್ದನ್ನು ಓದಿ

ವೈಜ್ಞಾನಿಕ ಹೆಸರು ಇರಲೇಬೇಕು. 'ಮಶ್ರೂಮ್ ಬ್ಲೆಂಡ್' ಎಂದಷ್ಟೇ ಇದ್ದರೆ ವಾಪಸ್ಸು ಇಡಿ. ನಂತರ ಯಾವ ಭಾಗ ಎಂದು ನೋಡಿ: ಹಣ್ಣುಭಾಗ ಅಂದರೆ ಕಣ್ಣಿಗೆ ಕಾಣುವ ಅಣಬೆ, ಮೈಸೀಲಿಯಂ ಅಂದರೆ ಬೇರಿನಂಥ ಬಿಳಿ ಎಳೆಗಳು. ಎಳೆಗಳನ್ನು ಅಕ್ಕಿ, ಓಟ್ಸ್ ಮೇಲೆ ಬೆಳೆಸಿ ಕಾಳಿನ ಸಮೇತ ಪುಡಿ ಮಾಡಿ ಮಾರುವುದುಂಟು.

'ಪಾಲಿಸ್ಯಾಕರೈಡ್ 50%' ಎಂಬ ಸಾಲಿಗೆ ಮರುಳಾಗಬೇಡಿ. ಪಾಲಿಸ್ಯಾಕರೈಡ್ ಅಂದರೆ ಯಾವುದೇ ಸಕ್ಕರೆ ಸರಪಳಿ, ಅಕ್ಕಿ ಹಿಟ್ಟಿನ ಗಂಜಿಯೂ ಪಾಲಿಸ್ಯಾಕರೈಡೇ. ಬೀಟಾ-ಗ್ಲುಕಾನ್ (ಅಣಬೆಯ ಕೋಶಭಿತ್ತಿಯ ಸಕ್ಕರೆ ಸರಪಳಿ) ಎಷ್ಟು ಎಂದು ಬೇರೆಯಾಗಿ ಬರೆದಿರಬೇಕು. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ ಪರೀಕ್ಷೆಯ ವರದಿಯನ್ನು ಬ್ಯಾಚ್ ಸಂಖ್ಯೆ ಹೇಳಿ ಕೇಳಿ.

ಲೆಕ್ಕ ಹೀಗೆ ಹಾಕಿ. ಚೀನಾದ ಅಧಿಕೃತ ಔಷಧಕೋಶ ರೀಶಿಗೆ ಹೇಳುವ ಪ್ರಮಾಣ ದಿನಕ್ಕೆ 6ರಿಂದ 12 ಗ್ರಾಂ ಒಣ ಅಣಬೆಯ ಕಷಾಯ. 500 ಮಿಲಿಗ್ರಾಂ ಬರಿಯ ಪುಡಿಯ ಕ್ಯಾಪ್ಸೂಲ್ ಅರ್ಧ ಗ್ರಾಂ ಆಯಿತು. 6 ಗ್ರಾಂ ಮುಟ್ಟಲು 12 ಕ್ಯಾಪ್ಸೂಲ್ ಬೇಕು. 10:1 ಸಾರವಾದರೆ (10 ಗ್ರಾಂ ಅಣಬೆಯಿಂದ ತೆಗೆದ 1 ಗ್ರಾಂ ಸಾರ) ಅದೇ 500 ಮಿಲಿಗ್ರಾಂ 5 ಗ್ರಾಂ ಅಣಬೆಗೆ ಸಮ. ದಿನಕ್ಕೊಂದು ಪುಡಿಯ ಕ್ಯಾಪ್ಸೂಲ್ ಕೊಟ್ಟು ತಿಂಗಳಿಗೆ ಸಾವಿರಾರು ರೂಪಾಯಿ ಪಡೆಯುವವರು ಈ ಲೆಕ್ಕ ಮಾಡಿ ತೋರಿಸುವುದಿಲ್ಲ.

14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇದ್ದರೆ ಅದು ಆಹಾರ ಪೂರಕ. ಅದರ ಮೇಲೆ 'ಔಷಧೀಯ ಬಳಕೆಗಲ್ಲ' ಎಂಬ ಅರ್ಥದ ಸಾಲು ಕಡ್ಡಾಯ. ಇನ್ನು ಮುಟ್ಟಿನ ದೋಷ ಸರಿಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯೇ ನಿಷೇಧಿಸಿದೆ. ಹಾಗೆ ಹೇಳಿಕೊಳ್ಳುವ ಡಬ್ಬಿಯ ಉಳಿದ ಮಾತುಗಳನ್ನೂ ಅಷ್ಟರಲ್ಲೇ ಇಡಿ.

ಚಾಗಾ ಎಂಬ ಕರಿಯ ಗೆಡ್ಡೆಯನ್ನು ಈ ಯಾವ ತೊಂದರೆಗೂ ಕೊಳ್ಳಬೇಡಿ. ಅದರಲ್ಲಿ ಆಕ್ಸಲೇಟ್ (ಕಿಡ್ನಿಯಲ್ಲಿ ಹರಳುಗಟ್ಟುವ ವಸ್ತು) ವಿಪರೀತ. ದಿನಕ್ಕೆ 4-5 ಟೀ ಚಮಚ ಪುಡಿಯನ್ನು ಆರು ತಿಂಗಳು ತೆಗೆದುಕೊಂಡ ಜಪಾನಿನ 72 ವರ್ಷದ ಮಹಿಳೆಯ ಕಿಡ್ನಿ ಕೆಟ್ಟ ವರದಿ 2014ರಲ್ಲಿ ಪ್ರಕಟವಾಗಿದೆ.

ಹಂತ 6: ಪುಡಿಗೆ ಅಯೋಡಿನ್ ಪರೀಕ್ಷೆ

ಕಾಲು ಟೀ ಚಮಚ ಪುಡಿಯನ್ನು 50 ಮಿಲಿ ನೀರಿನಲ್ಲಿ 2 ನಿಮಿಷ ಕುದಿಸಿ. ಪೂರ್ತಿ ಆರಲು ಬಿಡಿ, ಬಿಸಿಯಲ್ಲಿ ಬಣ್ಣ ಕಾಣುವುದಿಲ್ಲ. ತಿಳಿಯನ್ನು ಬಿಳಿ ಬಟ್ಟಲಿಗೆ ಬಸಿದು, ಟಿಂಚರ್ ಅಯೋಡಿನ್ ಅಥವಾ ಪೊವಿಡೋನ್ ಅಯೋಡಿನ್ 2-3 ಹನಿ ಹಾಕಿ. ಕಡುನೀಲಿ ಅಥವಾ ಕಪ್ಪಾದರೆ ಪಿಷ್ಟವಿದೆ, ಅಂದರೆ ಕಾಳಿನ ಹಿಟ್ಟು ಸೇರಿದೆ. ಕಂದು ಹಳದಿಯಾಗಿಯೇ ಉಳಿದರೆ ಪಿಷ್ಟವಿಲ್ಲ. ಪಿಷ್ಟವಿಲ್ಲ ಎಂದ ಮಾತ್ರಕ್ಕೆ ಒಳಗಿರುವುದು ರೀಶಿಯೇ ಎಂದೇನೂ ಸಾಬೀತಾಗುವುದಿಲ್ಲ. ಪರೀಕ್ಷಿಸಿದ ನೀರನ್ನು ಚೆಲ್ಲಿ, ಕುಡಿಯಬೇಡಿ.

ಹಂತ 7: ತೆಗೆದುಕೊಳ್ಳಲೇಬೇಕೆಂದಿದ್ದರೆ, ಪುಡಿಗಿಂತ ಕಷಾಯ

2004ರಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ವರದಿಯಲ್ಲಿ, ರೀಶಿಯ ಕಷಾಯ ಕುಡಿಯುತ್ತಿದ್ದ ವೃದ್ಧೆಯೊಬ್ಬರಿಗೆ ಪುಡಿಗೆ ಬದಲಾಯಿಸಿಕೊಂಡ ಕೆಲವೇ ವಾರಗಳಲ್ಲಿ ಲಿವರ್ ಕೆಟ್ಟಿತು. 2007ರಲ್ಲಿ ಥಾಯ್ಲೆಂಡ್‌ನಿಂದ ಪುಡಿಗೆ ಸಂಬಂಧಿಸಿದ ಸಾವೂ ವರದಿಯಾಯಿತು. ಅಪರೂಪ, ಆದರೂ ಆಯ್ಕೆಯಿದ್ದಾಗ ಕಷಾಯವೇ ಲೇಸು. 2ನೇ ಹಂತದ ಪಟ್ಟಿಯಲ್ಲಿಲ್ಲದ, ವೈದ್ಯರಿಗೆ ತಿಳಿಸಿರುವ ವಯಸ್ಕರಿಗೆ ಮಾತ್ರ ಈ ವಿಧಾನ.

ಪರೀಕ್ಷಾ ವರದಿಯಿರುವ ಒಣ ರೀಶಿ ಹೋಳುಗಳನ್ನು 3 ಗ್ರಾಂ ತೂಗಿಕೊಳ್ಳಿ. ತೊಳೆದು 600 ಮಿಲಿ ನೀರಿನಲ್ಲಿ ಒಂದು ಗಂಟೆ ನೆನೆಯಿಡಿ. ಅದೇ ನೀರಿನಲ್ಲಿ ಕುದಿ ಬರಿಸಿ, ಉರಿ ಸಣ್ಣ ಮಾಡಿ, ಮುಚ್ಚಳ ಓರೆಯಾಗಿಟ್ಟು ಒಂದು ಗಂಟೆ ಬೇಯಿಸಿ. ಸುಮಾರು 250 ಮಿಲಿಗೆ ಇಳಿಯಬೇಕು. ತೆಳು ಬಟ್ಟೆಯಲ್ಲಿ ಸೋಸಿ. ಅವೇ ಹೋಳುಗಳಿಗೆ 400 ಮಿಲಿ ನೀರು ಹಾಕಿ ಇನ್ನೊಮ್ಮೆ 40 ನಿಮಿಷ ಬೇಯಿಸಿ ಸೋಸಿ, ಎರಡನ್ನೂ ಬೆರೆಸಿ. ಊಟದ ನಂತರ ಎರಡು ಸಲ ಹಂಚಿ ಕುಡಿಯಿರಿ. ಉಳಿದದ್ದು ಫ್ರಿಜ್‌ನಲ್ಲಿ 2 ದಿನ ಇರುತ್ತದೆ.

ಕೆಡುವುದು ಎಲ್ಲಿ? ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಬಳಸಿದಲ್ಲಿ. ಹತ್ತು ನಿಮಿಷ ಕುದಿಸಿ ಚಹಾದಂತೆ ಕುಡಿದಲ್ಲಿ, ಕಟ್ಟಿಗೆಯಂಥ ಹೋಳಿನಿಂದ ಅಷ್ಟರಲ್ಲಿ ಹೆಚ್ಚೇನೂ ಇಳಿಯುವುದಿಲ್ಲ. ಮಿಕ್ಸಿಗೆ ಹಾಕಿದಲ್ಲಿ, ಆ ಧೂಳು ಉಸಿರಿಗೆ ಹೋದರೆ ಕೆಮ್ಮು, ಅಲರ್ಜಿ. ಕಷಾಯ ಕಹಿಯಾಗಿರಬೇಕು. ಚೂರೂ ಕಹಿಯಿಲ್ಲದಿದ್ದರೆ ಕೊಂಡದ್ದು ಹಳೆಯದು ಅಥವಾ ಬೇರೆಯದು. ಕಹಿ ಮುರಿಯಲು ಪಿಸಿಓಡಿಯವರು ಬೆಲ್ಲ ಸುರಿದುಕೊಂಡರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಹಂತ 8: ಬರೆದಿಡಿ, ನಿಲ್ಲಿಸುವುದು ಯಾವಾಗ ತಿಳಿದಿರಿ

ಒಂದು ಸಲಕ್ಕೆ ಒಂದೇ ಹೊಸ ವಸ್ತು. ಮುಟ್ಟಿನ ದಿನ, ಪ್ಯಾಡ್‌ಗಳ ಸಂಖ್ಯೆ, ನೋವಿಗೆ 10ಕ್ಕೆ ಎಷ್ಟು ಅಂಕ ಎಂದು ಕ್ಯಾಲೆಂಡರಿನಲ್ಲಿ ಬರೆಯಿರಿ. 4ರಿಂದ 6 ವಾರಕ್ಕೆ ಲಿವರ್ ಪರೀಕ್ಷೆ ಮತ್ತೆ ಮಾಡಿಸಿ. 3 ಮುಟ್ಟಿನ ಚಕ್ರ ಕಳೆದರೂ ಬರೆದಿಟ್ಟ ಅಂಕಿ ಬದಲಾಗದಿದ್ದರೆ ನಿಲ್ಲಿಸಿ. ಪ್ರಮಾಣ ಹೆಚ್ಚಿಸಿ ನೋಡೋಣ ಎನ್ನುವ ಸಲಹೆಗೆ ಕಿವಿಗೊಡಬೇಡಿ. ಮೂಗು, ವಸಡಿನಲ್ಲಿ ರಕ್ತ, ಸ್ರಾವ ಹೆಚ್ಚುವುದು, ಮೈಮೇಲೆ ದದ್ದು ಕಂಡರೆ ಅಥವಾ ಗರ್ಭ ಪರೀಕ್ಷೆಯಲ್ಲಿ ಎರಡು ಗೆರೆ ಬಂದರೆ ಆ ದಿನವೇ ನಿಲ್ಲಿಸಬೇಕು.

ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಮೈಯೆಲ್ಲ ತುರಿಕೆ, ಊಟ ಸೇರದಿರುವುದು ಲಿವರ್ ತೊಂದರೆಯ ಚಿಹ್ನೆಗಳು. ಆಗ ಡಬ್ಬಿಯನ್ನೂ ಉಳಿದ ಪುಡಿಯನ್ನೂ ಎಸೆಯದೆ ಆಸ್ಪತ್ರೆಗೆ ಒಯ್ಯಿರಿ. 'ಆಯುರ್ವೇದದ್ದು ಏನೋ ತಗೊಂಡೆ' ಎಂದಷ್ಟೇ ಹೇಳಿದರೆ ವೈದ್ಯರಿಗೆ ಕಾರಣ ಹುಡುಕಲು ಆಗುವುದಿಲ್ಲ. ಅಣಬೆಯ ಹೆಸರು, ದಿನದ ಪ್ರಮಾಣ, ಶುರು ಮಾಡಿದ ದಿನಾಂಕ, ಬ್ಯಾಚ್ ಸಂಖ್ಯೆ ಹೇಳಿ. ಔಷಧಗಳ ಅಡ್ಡಪರಿಣಾಮ ದಾಖಲಿಸುವ ಸರ್ಕಾರದ ಉಚಿತ ಸಹಾಯವಾಣಿ 1800-180-3024ಕ್ಕೆ ನೀವೇ ಕರೆ ಮಾಡಿಯೂ ತಿಳಿಸಬಹುದು.